ಒಣಗದ ಬಂದೂಕು

ಡಬ್ಬಿಯ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆದಿತ್ತು: 'ಬೇಗನೆ ಒಣಗುತ್ತದೆ.' ಬರೆದ ಪುಣ್ಯಾತ್ಮ ಯಾರೋ, ಎಲ್ಲಿದ್ದಾನೋ. ಕೈಗೆ ಸಿಕ್ಕಿದ್ದರೆ ಯಜಮಾನರು ಅವನ ಎರಡೂ ಅಂಗೈಗೆ ಅದೇ ಬಣ್ಣ ಬಳಿದು, 'ಒಣಗುವವರೆಗೂ ಇಲ್ಲಿಂದ ಏಳಕೂಡದು' ಎಂದು ಕೂರಿಸಿಬಿಡುತ್ತಿದ್ದರು. ಬೆಳಿಗ್ಗೆ ಹಚ್ಚಿದ ಬಣ್ಣ ಮಧ್ಯಾಹ್ನವಾದರೂ ಹಸಿಹಸಿಯಾಗಿಯೇ ಇತ್ತು. ಬೆರಳಿಟ್ಟರೆ ಬೆರಳು ಅಂಟುತ್ತಿತ್ತು. ಕಿತ್ತುಕೊಂಡರೆ 'ಚಟ್' ಎಂದು ಸದ್ದು ಬರುತ್ತಿತ್ತು, ಇಷ್ಟು ಬೇಗ ಹೊರಟಿರಾ ಎಂದು ಕೇಳಿದ ಹಾಗೆ. ಗೋಡೆಗೋ ಕುರ್ಚಿಗೋ ಹಚ್ಚಿದ್ದಾಗಿದ್ದರೆ ಹಾಳಾಗಲಿ ಎಂದು ಬಿಡಬಹುದಿತ್ತು. ಹಚ್ಚಿದ್ದು ಭಾವಮೈದುನನ ಬಂದೂಕಿಗೆ.

ಬಂದೂಕು ಎಂದ ಕೂಡಲೇ ಯಾರೂ ಬೆದರಬೇಕಿಲ್ಲ. ನೋಡಲು ಅಸಲಿ ಬಂದೂಕಿನ ತದ್ರೂಪು, ಅಷ್ಟೆ. ಆಟದ್ದೆಂದು ಗೊತ್ತಾಗಲಿ ಅಂತ ನಳಿಗೆಯ ತುದಿಗೆ ಕಿತ್ತಳೆ ಬಣ್ಣ ಬೇರೆ ಇದೆ. ಗುಂಡಿ ಒತ್ತಿದರೆ ಪ್ಲಾಸ್ಟಿಕ್ಕಿನ ಪುಟ್ಟ ಕಾಳು ಹಾರುತ್ತದೆ. ಈ ಆಟಕ್ಕೆ ಏರ್‌ಸಾಫ್ಟ್ ಎಂದು ಹೆಸರು. ಮೀಸೆ ನರೆತವರು, ತಲೆ ಬೋಳಾದವರು, ಭಾನುವಾರ ಬಂತೆಂದರೆ ಕಣ್ಣಿಗೆ ದಪ್ಪ ಕನ್ನಡಕ ಕಟ್ಟಿಕೊಂಡು ಊರಾಚೆಯ ಮುಚ್ಚಿದ ಇಟ್ಟಿಗೆ ಕಾರ್ಖಾನೆಯಲ್ಲಿ ಒಬ್ಬರಿಗೊಬ್ಬರು ಕಾಳು ಹೊಡೆದುಕೊಳ್ಳುತ್ತಾರೆ. ತಾಗಿದವರು ಕೈಯೆತ್ತಿ 'ನಾನು ಸತ್ತೆ' ಎಂದು ಪ್ರಾಮಾಣಿಕವಾಗಿ ಒಪ್ಪಿಕೊಂಡು, ಮರದ ಕೆಳಗೆ ಕೂತು ಬಿಸ್ಕತ್ತು ತಿನ್ನುತ್ತಾರೆ. ಯಜಮಾನರ ಭಾವಮೈದುನ ಈ ಸೇನೆಯ ವೀರಯೋಧ. ವಾರದ ಉಳಿದ ದಿನ ಆತ ಬೇಕರಿಯೊಂದರಲ್ಲಿ ಕೇಕಿನ ಮೇಲೆ ಗುಲಾಬಿ ಹೂ ಬಿಡಿಸುತ್ತಾನೆ.

ಆತ ಇರುವುದು ಬೇಕರಿಯ ಮೇಲಿನ ಕೋಣೆಯಲ್ಲಿ. ಅಲ್ಲಿ ಇಲಿಗಳ ಕಾಟ. ಕೆಳಗೆ ಇಷ್ಟೊಂದು ಕೇಕು ಇದ್ದರೂ ಆ ಇಲಿಗಳಿಗೆ ರುಚಿಸಿದ್ದು ಬಂದೂಕಿನ ರಬ್ಬರು. ಕೈ ಹಿಡಿಯುವಲ್ಲಿದ್ದ ರಬ್ಬರಿನ ಕವಚವನ್ನೂ ಭುಜಕ್ಕೆ ಆನಿಸುವ ರಬ್ಬರಿನ ದಿಂಬನ್ನೂ ಒಂದೇ ರಾತ್ರಿಯಲ್ಲಿ ತಿಂದು ಮುಗಿಸಿದವು. ಆತ ಹೊಸ ರಬ್ಬರು ತರಿಸಿ ಹಾಕಿಸಿ, ಬಂದೂಕನ್ನು ಅಕ್ಕನ ಮನೆಯಲ್ಲಿಟ್ಟ. ಆದರೆ ಹೊಸ ರಬ್ಬರು ಬಂದದ್ದು ಹಾಲುಬಿಳುಪು ಬಣ್ಣದಲ್ಲಿ. ಪೊದೆಯ ಹಿಂದೆ ಅಡಗಿದ ಯೋಧನ ಭುಜದಲ್ಲಿ ಬೆಳ್ಳಗೆ ಹೊಳೆಯುವ ದಿಂಬು ಶತ್ರುಗಳಿಗೆ ಬಲು ಉಪಕಾರಿಯಾಯಿತು. ಕಳೆದ ಭಾನುವಾರ ಎಲ್ಲರಿಗಿಂತ ಮೊದಲು ಸತ್ತು ಬಿಸ್ಕತ್ತು ತಿಂದವನು ಈತನೇ. 'ಬಣ್ಣ ಬದಲಾಗದಿದ್ದರೆ ತಂಡಕ್ಕೆ ಬರಬೇಡ' ಎಂದು ಕ್ಯಾಪ್ಟನ್ ಹೇಳಿಬಿಟ್ಟ.

"ಭಾವ, ಇದಕ್ಕೆ ಬಣ್ಣ ಹಾಕಿಸ್ಬೇಕು," ಎಂದು ಆತ ಊಟಕ್ಕೆ ಬಂದಾಗ ಹೇಳಿದ್ದ. "ಆದ್ರೆ ಗೊತ್ತಿರೋರ ಹತ್ರಾನೇ ಹಾಕಿಸ್ಬೇಕು. ದಯವಿಟ್ಟು ನೀವು ಮಾತ್ರ ಮುಟ್ಟೋಕೆ ಹೋಗ್ಬೇಡಿ."

ಯಜಮಾನರ ಕಿವಿ ಒಳ್ಳೆಯ ಮಾತುಗಳನ್ನಷ್ಟೇ ಒಳಗೆ ಬಿಡುವ ಜಾತಿಯದು. 'ಗೊತ್ತಿರೋರು' ಎಂಬಲ್ಲಿಗೆ ಅದು ಬಾಗಿಲು ಹಾಕಿಕೊಂಡಿತು. ಗೊತ್ತಿರುವವರು ಎಂದರೆ ತಮ್ಮನ್ನು ಬಿಟ್ಟು ಬೇರೆ ಯಾರು?

ಈ ಆತ್ಮವಿಶ್ವಾಸಕ್ಕೆ ಕಾರಣವಿದೆ. ಅವರು ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸಾಸಿವೆಗಿಂತ ಚಿಕ್ಕ ಸ್ಕ್ರೂಗಳನ್ನು ಚಿಮಟದಲ್ಲಿ ಹಿಡಿದು ಲೀಲಾಜಾಲವಾಗಿ ಕೂರಿಸುತ್ತಾರೆ. ಅಷ್ಟು ಚಿಕ್ಕದನ್ನು ಸರಿಮಾಡುವ ಕೈ ದೊಡ್ಡದನ್ನು ಸರಿಮಾಡದೆ ಇದ್ದೀತೆ ಎನ್ನುವುದು ಅವರ ವಾದ. ಮನೆಯ ಅನುಭವ ಬೇರೆಯೇ ಹೇಳುತ್ತಿತ್ತು. ಅವರು ರಿಪೇರಿ ಮಾಡಿದ ಮೇಲೆ ಬಟ್ಟೆ ಒಗೆಯುವ ಯಂತ್ರ ನಡೆಯಲು ಕಲಿತು, ಒಗೆತ ಮುಗಿಯುವ ಹೊತ್ತಿಗೆ ಅಡುಗೆಮನೆಯ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ಬಚ್ಚಲುಮನೆಯ ದೀಪ ಹಾಕಿದರೆ ಮುಂಬಾಗಿಲಿನ ಕರೆಗಂಟೆ ಬಾರಿಸುತ್ತಿತ್ತು. (ಯಾರು ಎಷ್ಟು ಸಲ ಬಚ್ಚಲಿಗೆ ಹೋಗುತ್ತಾರೆಂಬುದು ಇಡೀ ಬೀದಿಗೆ ತಿಳಿಯುವ ಏರ್ಪಾಡು ಈ ಮನೆಯಲ್ಲಿ ಮಾತ್ರ ಉಂಟು.)

ಕರೆಗಂಟೆಯ ದಿನವೇ ಹೆಂಡತಿ ಕೊನೆಯ ಮಾತು ಹೇಳಿದ್ದಳು. ಆಕೆ ರೈಲು ನಿಲ್ದಾಣದಲ್ಲಿ ಟಿಕೆಟ್ ಕೌಂಟರಿನ ಹಿಂದೆ ಕೂರುವವಳು. ದಿನವಿಡೀ ಗಾಜಿನ ಸಣ್ಣ ಕಿಂಡಿಯಲ್ಲಿ ಮಾತಾಡಿ ಮಾತಾಡಿ, ಒಂದು ಸಲ ಹೇಳಿದ್ದನ್ನು ಎರಡನೇ ಸಲ ಹೇಳದಿರುವ ಅಭ್ಯಾಸ ಆಕೆಗೆ.

"ಇನ್ನೊಂದು ಸಾಮಾನು ನಿಮ್ಮ ಕೈಯಲ್ಲಿ ಕೆಟ್ಟರೆ, ಆ ಪೆಟ್ಟಿಗೆ ಬೀಗದ ಕೈ ನನ್ನ ಹತ್ರ ಇರುತ್ತೆ. ಬಾಲ್ಕನಿ ಮೂಲೆಯಲ್ಲಿ ನನ್ನ ಇಸ್ತ್ರಿ ಮೇಜು ಬರುತ್ತೆ. ಅರ್ಥ ಆಯ್ತಾ?"

ಆ ಪೆಟ್ಟಿಗೆ ಎಂದರೆ ಯಜಮಾನರ ಉಪಕರಣಗಳ ಕೆಂಪು ಕಬ್ಬಿಣದ ಪೆಟ್ಟಿಗೆ. ಮುಚ್ಚಳ ತೆಗೆದರೆ ಕಿರ್ರೆನ್ನುತ್ತದೆ. ಆ ಸದ್ದು ಕೇಳಿದರೆ ಅವರಿಗೆ ಸಂಗೀತ ಕೇಳಿದಷ್ಟು ಸಂತೋಷ, ಮನೆಯವರಿಗೆ ಎದೆ ಡವಡವ. ಈ ಮನೆಯ ಯಜಮಾನರು ಅವರೇ ಎಂಬುದನ್ನು ಕರೆಂಟು ಬಿಲ್ಲು ಮಾತ್ರ ಒಪ್ಪಿಕೊಂಡಿದೆ. ಹಾಲು ಎಷ್ಟು, ಪರದೆ ಯಾವ ಬಣ್ಣ, ಫ್ಯಾನು ಎಷ್ಟು ಜೋರು, ಒಂದರಲ್ಲೂ ಅವರ ಮಾತು ನಡೆಯುವುದಿಲ್ಲ. ಬಾಲ್ಕನಿಯ ಆ ಮೂಲೆ, ಆ ಪೆಟ್ಟಿಗೆ, ಕನ್ನಡಕದ ದಾರದ ಜೊತೆ ಕೊರಳಲ್ಲಿ ತೂಗುವ ಅದರ ಬೀಗದ ಕೈ, ಇಷ್ಟೇ ಅವರ ಸಾಮ್ರಾಜ್ಯ. ಅದೂ ಹೋದರೆ ಮನೆಯಲ್ಲಿ ತಮಗೂ ಕುರ್ಚಿಗೂ ವ್ಯತ್ಯಾಸವೇನು ಎಂದು ಅವರಿಗೆ ನಿಜಕ್ಕೂ ಭಯವಾಗುತ್ತಿತ್ತು.

ಹಾಗಿದ್ದ ಮೇಲೆ ಸುಮ್ಮನಿರಬೇಕಾಗಿತ್ತು. ಆದರೆ ಸುಮ್ಮನಿರುವುದಕ್ಕೆ ಬೇರೆಯೇ ಪ್ರತಿಭೆ ಬೇಕು. ಯಜಮಾನರು ಯೋಚಿಸಿದ್ದು ಹೀಗೆ: ಈ ರಬ್ಬರಿಗೆ ಚೆಂದವಾಗಿ ಬಣ್ಣ ಹಚ್ಚಿಕೊಟ್ಟರೆ ಭಾವಮೈದುನ ತಂಡಕ್ಕೆ ಮರಳುತ್ತಾನೆ, ಹೆಂಡತಿಯ ಬಾಯಿ ಮುಚ್ಚುತ್ತದೆ, ಪೆಟ್ಟಿಗೆಯ ಮೇಲಿನ ಗಂಡಾಂತರ ಶಾಶ್ವತವಾಗಿ ತಪ್ಪುತ್ತದೆ. ಶನಿವಾರ ಅವರಿಗೆ ರಜೆ, ಹೆಂಡತಿಗೆ ಡ್ಯೂಟಿ. ಗೇಟಿಗೆ ಹಚ್ಚಿ ಉಳಿದಿದ್ದ ಕಡು ಹಸಿರು ಬಣ್ಣದ ಡಬ್ಬಿ ಹೇಗೂ ಇತ್ತು. ಮನೆಗೆಲಸದ ಸಮವಸ್ತ್ರವಾದ ತಮ್ಮ ಕಂದು ಸ್ವೆಟರನ್ನು ಏರಿಸಿಕೊಂಡು (ಅದನ್ನು ಬಿಸಾಡಲು ಹೆಂಡತಿ ಹಲವು ಸಲ ನಡೆಸಿದ ಸಂಚುಗಳನ್ನು ಅವರು ವಿಫಲಗೊಳಿಸಿದ್ದರು) ಅವರು ಕುಂಚ ಕೈಗೆತ್ತಿಕೊಂಡರು.

ಮನೆಯಲ್ಲಿ ಅತ್ತೆಯವರೊಬ್ಬರು ಇದ್ದರು, ಅಂದರೆ ಹೆಂಡತಿಯ ತಾಯಿ. ಅವರು ಹಾಲಿನ ದಿವಾನದ ಮೇಲೆ, ಬಾಲ್ಕನಿಯ ಕಡೆ ಮುಖಮಾಡಿ, ಉಣ್ಣೆಯ ಶಾಲು ಹೊದ್ದು ಕಣ್ಣು ಮುಚ್ಚಿ ಮಲಗಿರುತ್ತಾರೆ. ಮಲಗಿದ್ದೀರಾ ಎಂದು ಕೇಳಿದರೆ "ಎಲ್ಲಿ ನಿದ್ದೆ! ಸುಮ್ನೆ ಕಣ್ಣು ಮುಚ್ಚಿದೀನಿ ಅಷ್ಟೆ" ಎನ್ನುತ್ತಾರೆ. ಈ ಮಾತನ್ನು ಮನೆಯಲ್ಲಿ ಯಾರೂ ನಂಬುವುದಿಲ್ಲ. ಯಜಮಾನರಂತೂ ನಂಬಲೇ ಇಲ್ಲ.

ಬಣ್ಣ ಹಚ್ಚುವ ತನಕ ಎಲ್ಲ ಸುಸೂತ್ರವಾಗಿಯೇ ನಡೆಯಿತು. ಬಿಳಿ ರಬ್ಬರು ಹಸಿರಾಯಿತು, ಹಸಿರು ಮಿರಮಿರ ಮಿಂಚಿತು. ಯಜಮಾನರು ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ತಮಗೆ ತಾವೇ ಶಹಬ್ಬಾಸ್ ಎಂದರು. ಆಮೇಲೆ ಕಾದರು. ಇನ್ನೂ ಕಾದರು. ನೆಲದ ಮೇಲೆ ಬಿದ್ದಿದ್ದ ಹನಿ ಒಣಗಿ ಕಲ್ಲಾಯಿತು. ಉಗುರಿನ ಸಂದಿಯಲ್ಲಿ ಸೇರಿದ್ದು ಒಣಗಿತು. ಕನ್ನಡಕದ ಗಾಜಿನ ಮೇಲೆ ಹಾರಿದ್ದು ಒಣಗಿತು. ಬಂದೂಕಿನ ಪ್ಲಾಸ್ಟಿಕ್ಕಿನ ಮೇಲೆ ತಪ್ಪಿ ತಾಗಿದ್ದು ಕೂಡ ಒಣಗಿ ಕೂತಿತು. ಎಲ್ಲೆಲ್ಲಿ ಬೇಡವಾಗಿತ್ತೋ ಅಲ್ಲೆಲ್ಲ ಒಣಗಿದ ಬಣ್ಣ, ಬೇಕಾಗಿದ್ದ ರಬ್ಬರಿನ ಮೇಲೆ ಮಾತ್ರ ಒಣಗಲೊಲ್ಲೆ ಎಂದು ಹಟ ಹಿಡಿದಿತ್ತು.

ಹೆಂಡತಿಯ ಕೂದಲು ಒಣಗಿಸುವ ಯಂತ್ರ ತಂದು ಬಿಸಿಗಾಳಿ ಬಿಟ್ಟರು. ಬಣ್ಣ ಇನ್ನಷ್ಟು ಮೆತ್ತಗಾಯಿತು. ತಣ್ಣಗಾದರೆ ಗಟ್ಟಿಯಾದೀತೆಂದು ಬಂದೂಕಿನ ಹಿಂಭಾಗವನ್ನು ಹಾಲಿನ ಮೂಲೆಯಲ್ಲಿದ್ದ ಫ್ರಿಜ್ಜಿನೊಳಗೆ ತೂರಿಸಿ, ನಳಿಗೆಯನ್ನು ಹೊರಗೆ ಬಿಟ್ಟು, ಬಾಗಿಲನ್ನು ಮೊಣಕಾಲಿನಿಂದ ಒತ್ತಿ ಹಿಡಿದು ನಿಂತರು. ಮೊಣಕಾಲು ಮರಗಟ್ಟಿತು, ಬಣ್ಣ ಮರಗಟ್ಟಲಿಲ್ಲ. ಕಡೆಗೆ ಬಣ್ಣದ ಅಂಗಡಿಯವನಿಗೆ ಫೋನು ಮಾಡಿದರು.

"ಯಾವುದಕ್ಕೆ ಹಚ್ಚಿದ್ರಿ ಸಾರ್?"

"ರಬ್ಬರಿಗೆ."

"ಅಯ್ಯೋ, ರಬ್ಬರಿಗಾ? ಒಣಗಲ್ಲ ಬಿಡಿ. ರಬ್ಬರಿನೊಳಗೆ ಎಣ್ಣೆ ಥರ ಏನೋ ಇರುತ್ತೆ, ಅದು ಮೇಲಕ್ಕೆ ಬರ್ತಾನೇ ಇರುತ್ತೆ. ಈ ಬಣ್ಣ ಹಿಡಿಯಲ್ಲ. ರಬ್ಬರಿನದ್ದೇ ಬಣ್ಣ ಬೇರೆ ಇದೆ."

"ಅದು ಸರಿ, ಇದು ಯಾವಾಗ ಒಣಗುತ್ತೆ?"

"ಒಣಗಲ್ಲ ಅಂದ್ನಲ್ಲ ಸಾರ್."

"ಅಂದಾಜು ಹೇಳಪ್ಪ. ನಾಳೆ ಬೆಳಿಗ್ಗೆಗೆ?"

"ಸಾರ್, ನಮ್ಮ ಮಾವ ಟ್ರ್ಯಾಕ್ಟರ್ ಸೀಟಿಗೆ ಹಚ್ಚಿದ್ರು. ಟ್ರ್ಯಾಕ್ಟರ್ ಮಾರಿದ್ದಾಯ್ತು, ಇನ್ನೂ ಒಣಗಿಲ್ಲ."

"ಥಿನ್ನರ್ ಹಾಕಿ ಒರೆಸಿಬಿಡ್ಲಾ?"

"ಒರೆಸಿ. ಬಣ್ಣದ ಜೊತೆ ರಬ್ಬರೂ ಬರುತ್ತೆ."

ಯಜಮಾನರು ಫೋನು ಇಡಲು ಹೋದರು. ಫೋನು ಕೈ ಬಿಡಲಿಲ್ಲ.

ಹಿಂದೆ ಹೋಗುವ ದಾರಿಯೂ ಮುಚ್ಚಿತೆಂದು ಗೊತ್ತಾದ ಮೇಲೆ ಮನುಷ್ಯನಿಗೆ ಬುದ್ಧಿ ಎಲ್ಲೆಲ್ಲೋ ಓಡುತ್ತದೆ. ಹೆಚ್ಚಿನ ಬಣ್ಣವನ್ನು ಹೀರಿಕೊಳ್ಳಲಿ ಎಂದು ಅವರು ಆ ದಿನದ ಪತ್ರಿಕೆಯನ್ನು ರಬ್ಬರಿಗೆ ಸುತ್ತಿ ಒತ್ತಿದರು. ಪತ್ರಿಕೆ ಬಣ್ಣವನ್ನು ಹೀರಲಿಲ್ಲ, ಬಣ್ಣವೇ ಪತ್ರಿಕೆಯನ್ನು ಹೀರಿತು. ಹರಿದು ಕಿತ್ತಾಗ ಭುಜದ ದಿಂಬಿನ ಮೇಲೆ ಅಕ್ಷರಗಳು ಉಲ್ಟಾ ಅಚ್ಚಾಗಿದ್ದವು. ಯಜಮಾನರು ಹೆಂಡತಿಯ ಕೈಗನ್ನಡಿ ತಂದು ಹಿಡಿದು ಓದಿದರು. 'ಮುಂದಿನ ಕೆಲವು ದಿನ ಒಣಹವೆ ಮುಂದುವರಿಯಲಿದೆ.'

ಹವಾಮಾನ ಇಲಾಖೆ ಕೂಡ ತಮ್ಮನ್ನು ಅಣಕಿಸುತ್ತಿದೆ ಎಂದು ಅವರಿಗೆ ಅಳುವೇ ಬಂತು. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ಹೆಂಡತಿ ಡ್ಯೂಟಿ ಮುಗಿಸಿ ಬೇಗ ಬಂದಿದ್ದಳು. ಯಜಮಾನರು ಬಂದೂಕನ್ನು ಎತ್ತಿಕೊಂಡು ಹಾಲಿಗೆ ಓಡಿ, ಅಡಗಿಸಲು ಬೇರೆ ಜಾಗ ಕಾಣದೆ, ಅತ್ತೆಯವರ ಕಾಲ ಬಳಿ ಇಳಿಬಿದ್ದಿದ್ದ ಶಾಲಿನ ಅಂಚನ್ನು ಸರಿಸಿ ದಿವಾನದ ಕೆಳಗೆ ನೂಕಿಬಿಟ್ಟರು. ಅತ್ತೆ ಕಣ್ಣು ಮುಚ್ಚಿದ್ದರು.

"ಏನ್ರೀ ಇದು ವಾಸನೆ?" ಹೆಂಡತಿ ಬಾಗಿಲಲ್ಲೇ ನಿಂತು ಮೂಗರಳಿಸಿದಳು.

"ವಾಸನೆಯಾ? ಗೇಟಿನದ್ದಿರಬೇಕು."

"ಗೇಟಿಗೆ ಬಣ್ಣ ಹಚ್ಚಿ ವರ್ಷ ಆಯ್ತು."

"ಬಿಸಿಲಿಗೆ ಮತ್ತೆ ಬರುತ್ತೆ."

"ಕೈ ಯಾಕೆ ಹಿಂದೆ ಇಟ್ಕೊಂಡಿದೀರಾ?"

"ಸೊಂಟ ನೋವು."

"ಕೈಗೆ ಪೇಪರು ಯಾಕೆ ಅಂಟಿದೆ?"

"ಓದ್ತಾ ಇದ್ದೆ."

"ಬೆನ್ನ ಹಿಂದೆ ಇಟ್ಕೊಂಡು?"

ಹೆಂಡತಿ ದುರುಗುಟ್ಟಿ ನೋಡಿ, ಹೆಚ್ಚು ಕೆದಕದೆ ಒಳಗೆ ಹೋಗಿ ಕಾಫಿ ಮಾಡಿ ತಂದಳು. ಕುಡಿದು ಕಪ್ಪು ಹಿಂದಿರುಗಿಸುವಾಗ ಅದು ಯಜಮಾನರ ಬೆರಳಿಗೆ ಅಂಟಿಕೊಂಡಿತ್ತು. ಆಕೆ ಎಳೆದಳು, ಅವರು ಬಿಡಲಿಲ್ಲ, ಅಂದರೆ ಬಿಡಲಾಗಲಿಲ್ಲ. "ಇನ್ನೂ ಬೇಕಾ?" ಎಂದು ಕೇಳಿದಳು. "ಹ್ಞೂಂ, ಇನ್ನೊಂದು ಸ್ವಲ್ಪ" ಎಂದು ಅವರು ತಪ್ಪಿಸಿಕೊಂಡರು. ಆ ಸಂಜೆ ಅದೇ ಕಪ್ಪಿನಲ್ಲಿ ಮೇಲಿಂದ ಮೇಲೆ ಕಾಫಿ ಕುಡಿದು ಹೊಟ್ಟೆ ಕೆಟ್ಟದ್ದು ಬೇರೆ ಕತೆ.

ಭಾನುವಾರ ಬೆಳಿಗ್ಗೆ ಭಾವಮೈದುನ ಬಂದೂಕು ಒಯ್ಯಲು ಬರುವವನಿದ್ದ. ಹೆಂಡತಿ ಸ್ನಾನಕ್ಕೆ ಹೊರಟಳು. ಕರೆಗಂಟೆ ಬಾರಿಸಿತು, ಅಂದರೆ ಬಚ್ಚಲ ದೀಪ ಹತ್ತಿತು. ಯಜಮಾನರು ದಡಬಡಿಸಿ ದಿವಾನದ ಕೆಳಗಿಂದ ಬಂದೂಕು ಎಳೆದರು. ಬಂದೂಕಿನ ಜೊತೆ ಶಾಲೂ ಬಂತು. ಬಿಡಿಸಿದಾಗ ಶಾಲಿನ ಅಂಚು ಬೋಳಾಗಿತ್ತು, ರಬ್ಬರಿಗೆ ರೋಮ ಹುಟ್ಟಿತ್ತು. ಹಸಿರು ಬಣ್ಣ, ಅದರ ಮೇಲೆ ಹವಾಮಾನ ವರದಿ, ಅದರ ಮೇಲೆ ಬೂದು ಉಣ್ಣೆ. ಇಷ್ಟಾದರೂ ಅದು ಇನ್ನೂ ಅಂಟುತ್ತಿತ್ತು.

"ಹಾಳಾಗಿಹೋಗು!" ಎಂದು ಯಜಮಾನರು ಹಲ್ಲು ಕಡಿದು, ಹೆಂಡತಿಯ ಮುಖಕ್ಕೆ ಹಚ್ಚುವ ಪೌಡರಿನ ಡಬ್ಬಿ ತಂದು ಅದರ ಮೇಲೆ ಬೋರಲು ಹಾಕಿದರು. ಇದು ಉಪಾಯವೇನಲ್ಲ, ಶುದ್ಧ ಸಿಟ್ಟು. ಆದರೆ ಪೌಡರು ಕೂತ ಜಾಗದಲ್ಲಿ ಬೆರಳಿಟ್ಟು ನೋಡಿದರೆ, ಅಂಟಲಿಲ್ಲ! ಯಜಮಾನರು ಕುಣಿಯುವುದೊಂದು ಬಾಕಿ. ಆದರೆ ರಬ್ಬರು ಈಗ ಮತ್ತೆ ಬೆಳ್ಳಗಾಗಿತ್ತಲ್ಲ! ಇಷ್ಟೆಲ್ಲ ಪಾಡು ಬಿದ್ದದ್ದು ಬಿಳುಪು ಹೋಗಲೆಂದು. ಅಡುಗೆಮನೆಗೆ ಓಡಿ, ಕೈಗೆ ಸಿಕ್ಕ ಟೀ ಪುಡಿಯನ್ನು ಮುಷ್ಟಿ ತುಂಬ ತಂದು ತಿಕ್ಕಿದರು. ಅಲ್ಲಲ್ಲಿ ಕಂದು ಚುಕ್ಕೆ, ಅಲ್ಲಲ್ಲಿ ಹಸಿರು, ನಡುನಡುವೆ ಬೂದು ಉಣ್ಣೆ. ಕೆರೆಯ ಪಾಚಿಯನ್ನು ಬಗೆದು ಬಳಿದ ಹಾಗೆ ಕಾಣುತ್ತಿತ್ತು.

ಕರೆಗಂಟೆ ಮತ್ತೆ ಬಾರಿಸಿತು. ದೀಪ ಆರಿಸಿ ಮತ್ತೆ ಹಾಕಿರಬೇಕೆಂದು ಯಜಮಾನರು ಲಕ್ಷಿಸಲಿಲ್ಲ. ಮತ್ತೆ ಬಾರಿಸಿತು. "ಎಷ್ಟು ಸಲ ದೀಪ ಹಾಕ್ತೀಯೇ?" ಎಂದು ಅವರು ಗೊಣಗುತ್ತಿರುವಾಗಲೇ ಬಾಗಿಲು ತಳ್ಳಿಕೊಂಡು ಭಾವಮೈದುನ ಒಳಗೆ ಬಂದು ನಿಂತ. ಯಜಮಾನರ ರಿಪೇರಿಯಾದಾಗಿನಿಂದ ಈ ಮನೆಯಲ್ಲಿ ಗಂಟೆ ನಿಜವಾಗಿ ಬಾಗಿಲಿಗೇ ಬಾರಿಸಿದ ಅಪರೂಪದ ಸಂದರ್ಭ ಅದು.

ಆತ ಬಂದೂಕು ನೋಡಿದ. ಭಾವನನ್ನು ನೋಡಿದ.

ಯಜಮಾನರ ಕಣ್ಣ ಮುಂದೆ ಕೆಂಪು ಪೆಟ್ಟಿಗೆ ಬಂತು, ಅದರ ಮೇಲೆ ಕೂತ ಇಸ್ತ್ರಿ ಮೇಜು ಬಂತು. ಕೈ ತಾನಾಗಿ ಕೊರಳಿನ ಬೀಗದ ಕೈಯನ್ನು ಹಿಡಿದುಕೊಂಡಿತು. ಬಚ್ಚಲಿನಲ್ಲಿ ನೀರಿನ ಸದ್ದು ಇನ್ನೂ ನಿಂತಿರಲಿಲ್ಲ. ಇರುವುದು ಇದೊಂದೇ ಗಳಿಗೆ. ಅವರು ಭಾವಮೈದುನನ ಕಿವಿಯ ಬಳಿ ಬಾಯಿಟ್ಟು ಪಿಸುಗುಟ್ಟಿದರು.

"ಅಕ್ಕನಿಗೆ ಏನೂ ಅನ್ಬೇಡಪ್ಪ. ಪಾಪ, ತಮ್ಮನಿಗೆ ಖುಷಿಯಾಗ್ಲಿ ಅಂತ ಅವಳೇ ಮಾಡಿದ್ದು. ನಾನು ಬೇಡ ಬೇಡ ಅಂತ ಎಷ್ಟು ಬಡ್ಕೊಂಡೆ. ನಂಗೆ ಇದರಲ್ಲೆಲ್ಲ ಏನೂ ಗೊತ್ತಾಗಲ್ಲ, ನಾನು ಮುಟ್ಟಲೂ ಇಲ್ಲ."

ಹಸಿರು ಉಗುರುಗಳನ್ನು ಸ್ವೆಟರಿನ ತೋಳಿನೊಳಗೆ ಎಳೆದುಕೊಂಡು ಅವರು ಇಷ್ಟನ್ನೂ ಹೇಳಿ ಮುಗಿಸಿದರು. ಭಾವಮೈದುನ ಬಂದೂಕು ಎತ್ತಿಕೊಂಡ. ಕಿಟಕಿಯ ಬೆಳಕಿಗೆ ಹಿಡಿದ. ದಿಂಬನ್ನು ಸವರಿದ, ಹಿಡಿಯನ್ನು ಅಮುಕಿ ನೋಡಿದ. ಆತನ ಕಣ್ಣಲ್ಲಿ ನೀರು ತುಂಬಿತು. ಯಜಮಾನರು ಒಂದು ಹೆಜ್ಜೆ ಹಿಂದೆ ಸರಿದರು.

"ಅಕ್ಕಾ!"

ಹೆಂಡತಿ ತಲೆಗೆ ಟವಲು ಸುತ್ತಿಕೊಂಡು ಗಾಬರಿಯಿಂದ ಹೊರಗೆ ಓಡಿ ಬಂದಳು. "ಏನಾಯ್ತೋ?"

"ಅಕ್ಕಾ, ಏನು ಕೈ ನಿಂದು! ದಿನಾ ಬಣ್ಣದಲ್ಲೇ ಬಿದ್ದಿರೋನು ನಾನು, ನನ್ನ ಕೈಯಲ್ಲಾಗಲ್ಲ ಇದು. ಹೊಳಪಿಲ್ಲ, ಥೇಟ್ ಕಾಡಿನ ನೆಲದ ಹಾಗಿದೆ. ಪೊದೆಯಲ್ಲಿಟ್ರೆ ನನಗೇ ಸಿಗಲ್ಲ. ಹಿಡಿದ್ರೆ ಕೈ ಜಾರೋದೂ ಇಲ್ಲ! ಇದಕ್ಕೆ ಈ ಉಣ್ಣೆ ಸೇರಿಸ್ಬೇಕು ಅಂತ ನಿಂಗೆ ಹೇಗಕ್ಕಾ ಹೊಳೀತು?"

ಹೆಂಡತಿ ಬಂದೂಕು ನೋಡಿದಳು. ನೆಲದ ಮೇಲಿನ ತನ್ನ ಪೌಡರಿನ ಖಾಲಿ ಡಬ್ಬಿ ನೋಡಿದಳು. ಅಮ್ಮನ ಶಾಲಿನ ಬೋಳು ಅಂಚು ನೋಡಿದಳು. ಟೀ ಪುಡಿಯ ಜಾಡು ಹಿಡಿದು ಆಕೆಯ ಕಣ್ಣು ಅಡುಗೆಮನೆಯವರೆಗೆ ಹೋಗಿ, ತಿರುಗಿ ಬಂದು, ಗಂಡನ ಸ್ವೆಟರಿನ ತೋಳಿನ ಮೇಲೆ ನಿಂತಿತು. ಟಿಕೆಟಿಲ್ಲದ ಪ್ರಯಾಣಿಕರನ್ನು ಗುರುತಿಸುವುದು ಆಕೆಯ ಕೆಲಸವಲ್ಲ, ಆದರೂ ನಿಲ್ದಾಣದ ಗಾಳಿಗೆ ಆ ಕಲೆ ಬಂದಿತ್ತು. ಯಜಮಾನರು ಭಾವಮೈದುನನ ಬೆನ್ನ ಹಿಂದೆ ನಿಂತು, ಎರಡು ಕೈ ಜೋಡಿಸಿ, ದೀನರಾಗಿ ಹಲ್ಲು ಗಿಂಜಿದರು.

"ಹೌದು ಕಣೋ," ಎಂದಳು ಹೆಂಡತಿ, ಗಂಡನ ಮೇಲಿನ ಕಣ್ಣು ಕೀಳದೆ. "ನಾನೇ ಮಾಡಿದ್ದು. ಹೇಗೋ ಹೊಳೀತು."

ಆಗ ಯಜಮಾನರಿಗೆ ತಾವು ಕಳೆದುಕೊಂಡದ್ದೇನೆಂದು ತಿಳಿಯಿತು. ಜೀವಮಾನದಲ್ಲಿ ಮೊದಲ ಸಲ ಅವರ ಕೈಕೆಲಸಕ್ಕೆ ಒಬ್ಬ ಮನುಷ್ಯ ಕಣ್ಣೀರು ಹಾಕಿ ಮೆಚ್ಚಿದ್ದ. ಹಿಂದೆಯೂ ಜನ ಕಣ್ಣೀರು ಹಾಕಿದ್ದುಂಟು, ಮೆಚ್ಚಿ ಅಲ್ಲ. ಆ ಮೆಚ್ಚುಗೆಯನ್ನು ಅವರು ತಮ್ಮ ಬಾಯಿಂದಲೇ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿದ್ದರು.

"ಅಂದ್ರೆ... ನಾನೂ ಸ್ವಲ್ಪ..." ಎಂದು ಶುರುಮಾಡಿದರು.

"ನೀವು ಬಿಡಿ ಭಾವ," ಎಂದ ಭಾವಮೈದುನ. "ನೀವು ಬೇಡ ಬೇಡ ಅಂತ ಬಡ್ಕೊಂಡ್ರಂತಲ್ಲ. ನಿಮ್ಮ ಮಾತು ಕೇಳಿದ್ರೆ ಇದು ಆಗ್ತಿತ್ತಾ?"

"ಹಾಗಂದ್ರಾ?" ಎಂದಳು ಹೆಂಡತಿ, ಬಲು ಮೃದುವಾಗಿ. ಆ ಮೃದುತ್ವ ಕೇಳಿ ಯಜಮಾನರ ಬಾಯಿ ತಾನಾಗಿ ಮುಚ್ಚಿಕೊಂಡಿತು.

ಭಾವಮೈದುನ ಯುದ್ಧಕ್ಕೆ ಹೋದ ಮೇಲೆ ದೊಡ್ಡ ಜಗಳವಾಗಬಹುದೆಂದು ಯಜಮಾನರು ತಯಾರಾಗಿ ಕೂತಿದ್ದರು. ಆಗಲಿಲ್ಲ. ಹೆಂಡತಿ ಗುನುಗುತ್ತ ಕೂದಲು ಒಣಗಿಸಿಕೊಂಡಳು. (ಆ ಯಂತ್ರದ ಹಿಡಿಕೆಯೂ ಕೈಗೆ ಅಂಟಿತು, ಆಗಲೂ ಏನೂ ಅನ್ನಲಿಲ್ಲ.) ಹೇಗೋ ಪೆಟ್ಟಿಗೆ ಉಳಿಯಿತಲ್ಲ ಎಂದು ಯಜಮಾನರು ಸಮಾಧಾನ ಮಾಡಿಕೊಂಡರು. ಹೆಸರು ಹೋದರೆ ಹೋಗಲಿ, ಸಾಮ್ರಾಜ್ಯ ಭದ್ರ.

ಆ ಸಮಾಧಾನ ಸಂಜೆಯವರೆಗೆ ಬಾಳಿತು. ಸಂಜೆ ಭಾವಮೈದುನ ಮರಳಿದ್ದು ಕೆಸರು ಮೆತ್ತಿಕೊಂಡು, ಹಲ್ಲು ಕಿರಿದುಕೊಂಡು, ಬೆನ್ನ ಮೇಲೆ ಒಂದು ದೊಡ್ಡ ಗೋಣಿಚೀಲ ಹೊತ್ತುಕೊಂಡು.

"ಅಕ್ಕಾ, ಕೊನೇವರೆಗೂ ಯಾರ ಕಣ್ಣಿಗೂ ಬೀಳಲಿಲ್ಲ ನಾನು! ಬಿಸ್ಕತ್ತು ಖಾಲಿಯಾದ್ಮೇಲೆ ಎದ್ದು ಬಂದೆ. ಕ್ಯಾಪ್ಟನ್ ನಿನ್ನ ಕೆಲಸ ನೋಡಿ ಸೆಲ್ಯೂಟ್ ಹೊಡೆದ. ತಂಡದವರೆಲ್ಲ ಕೊಟ್ಟು ಕಳಿಸಿದಾರೆ. ಎಲ್ಲಕ್ಕೂ ಇದೇ ಥರ ಮಾಡಿಕೊಡ್ತೀಯಾ?"

ಚೀಲವನ್ನು ನೆಲಕ್ಕೆ ಸುರಿದ. ಹಾಲಿನ ತುಂಬ ಬಂದೂಕುಗಳು, ಪ್ರತಿಯೊಂದಕ್ಕೂ ರಬ್ಬರು.

ಯಜಮಾನರಿಗೆ ಒಳಗೊಳಗೇ ಆನಂದವಾಯಿತು. ಈಗ ಸಿಕ್ಕಿಬಿದ್ದಳು. ವಿದ್ಯೆ ಇರುವುದು ತಮ್ಮ ಒಬ್ಬರ ಹತ್ತಿರ. ಮೊದಲು ಯಾವುದು, ಆಮೇಲೆ ಯಾವುದು, ಆಕೆಗೆ ಎಲ್ಲಿ ಗೊತ್ತು? ಈಗ ತಮ್ಮನ ಮುಂದೆ ತಡವರಿಸುತ್ತಾಳೆ, 'ನಿಮ್ಮ ಭಾವನನ್ನೇ ಕೇಳು' ಎನ್ನುತ್ತಾಳೆ, ಎನ್ನಲೇಬೇಕು. ಅವರು ಕುರ್ಚಿಯಲ್ಲಿ ಹಿಂದಕ್ಕೊರಗಿ, ಕಾಲಮೇಲೆ ಕಾಲು ಹಾಕಿಕೊಂಡು, ಕರೆಗೆ ಕಾದರು.

ಹೆಂಡತಿ ನಿಜಕ್ಕೂ ತಡವರಿಸಿದಳು. "ಮಾಡಬಹುದು... ಅದಕ್ಕೆ ಮೊದಲು..."

"ಮೊದಲು ಗೇಟಿನ ಬಣ್ಣ," ಎಂದಿತು ದಿವಾನದ ಕಡೆಯಿಂದ ಒಂದು ದನಿ.

ಎಲ್ಲರೂ ತಿರುಗಿದರು. ಅತ್ತೆ ಕಣ್ಣು ಮುಚ್ಚಿಕೊಂಡೇ ಇದ್ದರು.

"ಎರಡು ಸಲ ಹಚ್ಚಬೇಕು, ದಪ್ಪಗೆ. ಆಮೇಲೆ ನಿನ್ನ ಕೂದಲಿನ ಮಿಷಿನ್ನಲ್ಲಿ ಬಿಸಿಗಾಳಿ. ಆಮೇಲೆ ಫ್ರಿಜ್ಜು, ಮೊಣಕಾಲಲ್ಲಿ ಬಾಗಿಲು ಒತ್ತಿ ಹಿಡೀಬೇಕು. ಆಮೇಲೆ ಪೇಪರು, ಹವಾಮಾನದ ಪುಟ. ಕನ್ನಡೀಲಿ ಓದ್ಬೇಕು, ಅದು ಯಾಕೋ ನಂಗೆ ಗೊತ್ತಾಗಲಿಲ್ಲ. ಆಮೇಲೆ ಉಣ್ಣೆ, ಪೌಡರು, ಟೀ ಪುಡಿ. ಪೌಡರು ಹಾಕುವಾಗ 'ಹಾಳಾಗಿಹೋಗು' ಅನ್ಬೇಕು."

"ಅತ್ತೆ... ನೀವು ಮಲಗಿದ್ರಿ!" ಯಜಮಾನರ ದನಿ ಕೀರಲಾಯಿತು.

"ಎಲ್ಲಿ ನಿದ್ದೆ! ಸುಮ್ನೆ ಕಣ್ಣು ಮುಚ್ಚಿದ್ದೆ ಅಷ್ಟೆ."

ಭಾವಮೈದುನ ಬೆರಗಾಗಿ ಅಕ್ಕನನ್ನೂ ಅಮ್ಮನನ್ನೂ ನೋಡಿದ. "ಅಮ್ಮಾ, ನೀನೂ ಜೊತೆಗಿದ್ಯಾ! ಹಾಗಾದ್ರೆ ಇದು ನಮ್ಮ ಮನೆತನದಲ್ಲೇ ಇದೆ. ಕೇಕಿನ ಕೈ ನನಗೆ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತು."

"ಆದರೆ ಉಣ್ಣೆಗೆ ನನ್ನ ಶಾಲು ಕೇಳ್ಬೇಡಿ," ಎಂದರು ಅತ್ತೆ, ಶಾಲನ್ನು ಗಲ್ಲದವರೆಗೆ ಎಳೆದುಕೊಂಡು.

ಆಮೇಲೆ ಹೆಂಡತಿಯ ಕಣ್ಣು ಕುರ್ಚಿಯ ಕಡೆ ತಿರುಗಿತು. ಭಾವಮೈದುನನ ಕಣ್ಣೂ ತಿರುಗಿತು. ಅತ್ತೆ ಆ ಎರಡು ದಿನಗಳಲ್ಲಿ ಮೊದಲ ಬಾರಿಗೆ ಕಣ್ಣು ಬಿಟ್ಟರು. ಯಜಮಾನರು ತಮ್ಮ ಕಂದು ಸ್ವೆಟರಿನ ಮೇಲೆ ಕೈಗಳೆರಡನ್ನೂ ಅಡ್ಡ ಇಟ್ಟುಕೊಂಡರು.

"ಬಣ್ಣವೂ ಒಳ್ಳೇದೇ, ಥೇಟ್ ಮಣ್ಣಿನ ಬಣ್ಣ," ಎಂದ ಭಾವಮೈದುನ.

"ತೆಗೀರಿ," ಎಂದಳು ಹೆಂಡತಿ. "ಹಾಗೇ ಆ ಬೀಗದ ಕೈನೂ. ಕುಂಚ, ಸ್ಕ್ರೂಡ್ರೈವರು ಎಲ್ಲ ಬೇಕಾಗುತ್ತೆ. ನಿಮಗೆ ಹೇಗೂ ಇದರಲ್ಲೆಲ್ಲ ಏನೂ ಗೊತ್ತಾಗಲ್ಲವಂತಲ್ಲ."

ಯಜಮಾನರು ಭಾವಮೈದುನನ ಮುಖ ನೋಡಿದರು. ನಿಜ ಹೇಳಿದರೆ ಬಣ್ಣ ಹಚ್ಚಿದ್ದು ತಾವೇ ಎಂದು ಹೇಳಬೇಕು, ಸುಳ್ಳು ಹೇಳಿದ್ದೂ ತಾವೇ ಎಂದು ಹೇಳಬೇಕು. ಕೊರಳ ದಾರವನ್ನು ತೆಗೆದುಕೊಟ್ಟರು. ಕನ್ನಡಕ ಅದೇ ದಾರಕ್ಕಿತ್ತು, ಅದೂ ಹೋಯಿತು.

ಈಗ ಬಾಲ್ಕನಿಯ ಮೂಲೆಯಲ್ಲಿ ಇಸ್ತ್ರಿ ಮೇಜು ಬಂದಿದೆ. ಅದರ ಮೇಲೆ ಬಂದೂಕುಗಳು ಸಾಲಾಗಿ ಮಲಗಿವೆ. ಹೆಂಡತಿ ಕೂತು ಬಣ್ಣ ಹಚ್ಚುತ್ತಾಳೆ, ಅತ್ತೆ ಕಣ್ಣು ಮುಚ್ಚಿಕೊಂಡು ಮೇಲ್ವಿಚಾರಣೆ ಮಾಡುತ್ತಾರೆ. ಯಜಮಾನರು ಕೆಳಗೆ ಮಣೆಯ ಮೇಲೆ ಕೂತು, ಬನಿಯನ್ನಿನಲ್ಲಿ ನಡುಗುತ್ತ, ತಮ್ಮದೇ ಸ್ವೆಟರಿನಿಂದ ಉಣ್ಣೆ ಕಿತ್ತು ಕೊಡುತ್ತಾರೆ. ನೋಡಿದವರೆಲ್ಲ ಹೊಗಳುತ್ತಾರೆ, ಆಕೆಯನ್ನು.

ಆ ದಾರದಿಂದ ಅವರಿಗೆ ಮರಳಿ ಸಿಕ್ಕಿದ್ದು ಕನ್ನಡಕ ಮಾತ್ರ, ಮೊನ್ನೆ ಅದರ ಕಾಲಿನ ಸ್ಕ್ರೂ ಸಡಿಲವಾಗಿತ್ತು. ಅದು ಅವರ ಸ್ವಂತ ಕನ್ನಡಕ, ಸ್ವಂತ ವೃತ್ತಿ, ಜಗತ್ತಿನಲ್ಲಿ ಅವರಿಗೆ ನಿಜವಾಗಿಯೂ ಬರುವ ಒಂದೇ ಕೆಲಸ. ಇಸ್ತ್ರಿ ಮೇಜಿನ ಮುಂದೆ ನಿಂತು ವಿನಯದಿಂದ ಕೇಳಿದರು.

"ಆ ಸಣ್ಣ ಸ್ಕ್ರೂಡ್ರೈವರು ಒಂದು ನಿಮಿಷ ಕೊಡ್ತೀಯಾ?"

ಹೆಂಡತಿ ತಲೆ ಎತ್ತಲಿಲ್ಲ. ಬಲಗೈಯಲ್ಲಿ ಕುಂಚ ಆಡಿಸುತ್ತ, ಎಡಗೈಯಿಂದ ಕೆಂಪು ಪೆಟ್ಟಿಗೆಯ ಮುಚ್ಚಳವನ್ನು ಇಳಿಸಿದಳು. ಅದು ಕಿರ್ರೆಂದಿತು.

"ಕೌಂಟರ್ ಮುಚ್ಚಿದೆ," ಎಂದಳು. "ನಾಳೆ ಬನ್ನಿ."